ಯಾರೂ ಹಿಡಿಯದ ಸುತ್ತಿಗೆ

ಹುಲುಗಪ್ಪನ ಬಗ್ಗೆ ಬರೆಯಲು ನಿನಗೇನು ಹಕ್ಕಿದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಸಣ್ಣದು. ಹನ್ನೊಂದು ವರ್ಷದಿಂದ ದಿನಕ್ಕೆರಡು ಸಲ ಅವನಿಗೆ ಕುಡಿಯಲು ನೀರು ಕೊಟ್ಟಿದ್ದೇನೆ. ಇನ್ನೊಂದು ಹಕ್ಕೂ ಇದೆ. ಅದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ, ಸ್ವಲ್ಪ ತಾಳಿ.

ಕೊಟ್ಟೂರಿನಿಂದ ಹರಪನಹಳ್ಳಿ ಕಡೆಗೆ ಹೋಗುವ ರೈಲು ಹಳಿಗೆ ಮೆಕ್ಕೆಜೋಳದ ಹೊಲಗಳ ನಡುವೆ ಒಂದು ಮಣ್ಣಿನ ರಸ್ತೆ ಅಡ್ಡ ಬರುತ್ತದೆ. ಅಲ್ಲಿ ಒಂದು ಗೇಟು, ಗೇಟಿಗೊಂದು ಕೋಣೆ, ಕೋಣೆಯ ಮುಂದೊಂದು ಬೇವಿನ ಮರ, ಮರದ ಕೆಳಗೆ ಗೇಟ್‌ಮನ್ ಪಾಲಾಕ್ಷಪ್ಪ, ಅಂದರೆ ನಾನು. ರೈಲು ಬರುವಾಗ ಗೇಟು ಹಾಕಬೇಕು, ಹೋದ ಮೇಲೆ ತೆಗೆಯಬೇಕು, ನಡುವೆ ಬೈಕಿನವರಿಂದ ಬೈಸಿಕೊಳ್ಳಬೇಕು. ಉಳಿದ ಹೊತ್ತೆಲ್ಲ ಓದಲು, ಗೊಣಗಲು, ಮಂದಿಯನ್ನು ಆಡಿಕೊಳ್ಳಲು ನನ್ನದೇ.

ಹುಲುಗಪ್ಪ ಹಳಿ ದುರಸ್ತಿಯ ನಮ್ಮ ಗ್ಯಾಂಗಿನ ಕೀಮ್ಯಾನ್. ರೈಲಿನಲ್ಲಿ ಕೂತವರಿಗೆ ಇಂಥವನೊಬ್ಬ ಇದ್ದಾನೆಂದೇ ಗೊತ್ತಿರುವುದಿಲ್ಲ. ಹಳಿ ನೆಲದ ಮೇಲೆ ಸುಮ್ಮನೆ ಮಲಗಿದೆ ಎಂದುಕೊಂಡಿರುತ್ತಾರೆ. ಕೆಳಗೆ ಜಲ್ಲಿ, ಜಲ್ಲಿಯ ಮೇಲೆ ಸ್ಲೀಪರು ಎಂಬ ಸಿಮೆಂಟಿನ ಅಡ್ಡದಿಮ್ಮಿ, ಸ್ಲೀಪರಿಗೂ ಹಳಿಗೂ ನಡುವೆ ಚಪ್ಪಲಿಯ ಅಟ್ಟೆಯಷ್ಟು ದಪ್ಪದ ರಬ್ಬರು. ಹಳಿ ಮೇಲೇಳದಂತೆ, ಪಕ್ಕಕ್ಕೆ ಸರಿಯದಂತೆ ಒತ್ತಿ ಹಿಡಿಯಲು ಬಗ್ಗಿಸಿದ ಉಕ್ಕಿನ ಕ್ಲಿಪ್ಪುಗಳು, ಒಂದೊಂದು ಸ್ಲೀಪರಿಗೆ ನಾಲ್ಕು. ಒಂದು ಕಿಲೋಮೀಟರಿಗೆ ಸಾವಿರದ ಆರುನೂರರಷ್ಟು ಸ್ಲೀಪರು ಬರುತ್ತವೆ. ಹುಲುಗಪ್ಪನ ಪಾಲಿಗೆ ಬಂದದ್ದು ಆರು ಕಿಲೋಮೀಟರು. ಒಟ್ಟು ಕ್ಲಿಪ್ಪು ಎಷ್ಟೆಂದು ನೀವೇ ಗುಣಿಸಿಕೊಳ್ಳಿ, ನನಗೆ ತಲೆ ಸುತ್ತುತ್ತದೆ.

ಒಂದು ಗಾಡಿ ಹೋದರೆ ಇದೆಲ್ಲ ಅದುರುತ್ತದೆ. ಕ್ಲಿಪ್ಪು ಕೂದಲೆಳೆಯಷ್ಟು ಹೊರಗೆ ಜಾರುತ್ತದೆ, ಜೋಡಣೆಯ ಬೋಲ್ಟು ಸಡಿಲಾಗುತ್ತದೆ, ಸ್ಲೀಪರಿನ ಕೆಳಗಿನ ಜಲ್ಲಿ ಕದಲುತ್ತದೆ. ಬೇಸಿಗೆಯಲ್ಲಿ ಹಳಿ ಹಿಗ್ಗಿ ಸೊಟ್ಟಗಾಗಲು ನೋಡುತ್ತದೆ, ಚಳಿಗಾಲದಲ್ಲಿ ಕುಗ್ಗಿ ಬಿರಿಯಲು ನೋಡುತ್ತದೆ. ಅದಕ್ಕೇ ಒಬ್ಬ ಮನುಷ್ಯ ದಿನಾ ನಡೆಯಬೇಕು, ಹೋಗುವಾಗ ಒಂದು ಹಳಿ ನೋಡುತ್ತ, ಬರುವಾಗ ಇನ್ನೊಂದು ಹಳಿ ನೋಡುತ್ತ. ಹೆಗಲಿಗೆ ಸ್ಪ್ಯಾನರು, ಕೆಂಪು ಹಸಿರು ಬಾವುಟ, ಅಪಾಯವಿದ್ದರೆ ಡ್ರೈವರನನ್ನು ಎಚ್ಚರಿಸಲು ಹಳಿಗೆ ಕಟ್ಟುವ ಪಟಾಕಿ. ಕೈಯಲ್ಲಿ ಸುತ್ತಿಗೆ. ಕ್ಲಿಪ್ಪಿನ ಮೇಲೊಂದು ಪೆಟ್ಟು ಹಾಕಿದರೆ ಬಿಗಿ ಇದ್ದದ್ದು ಠಣ್ ಎನ್ನುತ್ತದೆ, ಸಡಿಲ ಇದ್ದದ್ದು ಡಬ್ ಎನ್ನುತ್ತದೆ. ಸಂತೆಯಲ್ಲಿ ಹೆಂಗಸರು ಗಡಿಗೆಯನ್ನು ಬೆರಳಿನಿಂದ ಬಡಿದು ನೋಡುತ್ತಾರಲ್ಲ, ಅದೇ ವಿದ್ಯೆ.

ಹುಲುಗಪ್ಪನಿಗೆ ಈ ವಿದ್ಯೆ ಸರಿಯಾಗಿಯೇ ಹತ್ತಿತ್ತು. ನಮ್ಮ ಸೆಕ್ಷನ್ನಿನ ಸಾಹೇಬರು ಟ್ರಾಲಿಯಲ್ಲಿ ಹೋಗುವಾಗ ಅವನ ಆರು ಕಿಲೋಮೀಟರು ಬಂದರೆ ಕಣ್ಣು ಮುಚ್ಚಿ ನಿದ್ದೆ ಮಾಡುತ್ತಿದ್ದರು. ಅಂಥವನನ್ನು ಯಾರು ಬಿಡುತ್ತಾರೆ? ಕೆಟ್ಟ ಕೆಲಸಗಾರನಿಗೆ ಎಲ್ಲ ಕಡೆ ವರ್ಗ, ಒಳ್ಳೆಯವನಿಗೆ ಇದ್ದಲ್ಲೇ ಗೂಟ. ಹನ್ನೊಂದು ವರ್ಷದಲ್ಲಿ ಅವನು ನಡೆದದ್ದನ್ನು ಉದ್ದಕ್ಕೆ ಹಾಸಿದರೆ ಕಾಶಿಗೆ ಹತ್ತು ಸಲ ಹೋಗಿ ಬರಬಹುದಿತ್ತು. ಅವನು ಹೋದದ್ದು ಮಾತ್ರ ಮೊದಲ ಕಿಲೋಮೀಟರು ಕಲ್ಲಿನಿಂದ ಆರನೆಯದಕ್ಕೆ, ಅಲ್ಲಿಂದ ವಾಪಸು. ಗಾಣದೆತ್ತಿನ ಬಾಳು.

ಈಗ ಸುತ್ತಿಗೆಯ ಕಥೆ. ನಮ್ಮ ಗ್ಯಾಂಗಿನಲ್ಲಿ ಒಂದು ಪದ್ಧತಿ ಇದೆ, ಯಾವ ಸರ್ಕಾರಿ ಪುಸ್ತಕದಲ್ಲೂ ಇಲ್ಲದ್ದು. ಕೀಮ್ಯಾನನ ಸುತ್ತಿಗೆ ಕೈಯಿಂದ ಕೈಗೇ ಹೋಗಬೇಕು. ಇರುವವನು ಕೊಡಬೇಕು, ಬರುವವನು ಎರಡೂ ಕೈಯಲ್ಲಿ ಹಿಡಿಯಬೇಕು, ಗ್ಯಾಂಗಿನವರು ಒಬ್ಬರಾದರೂ ನೋಡಬೇಕು. ಹಿಡಿದ ಗಳಿಗೆಯಿಂದ ಆ ಆರು ಕಿಲೋಮೀಟರು ಅವನ ಕೊರಳಿಗೆ ಬಿತ್ತು. ಇನ್ನೊಬ್ಬ ಹಿಡಿಯುವ ತನಕ ಬಿಡುವಂತಿಲ್ಲ. ಆ ಸುತ್ತಿಗೆಯ ಕಬ್ಬಿಣದ ತಲೆ ಯಾರ ಕಾಲದ್ದೋ ಯಾರಿಗೂ ಗೊತ್ತಿಲ್ಲ, ದಿಂಡಿಗದ ಮರದ ಹಿಡಿ, ಅಂದರೆ ಕಾವು, ಮಾತ್ರ ಐದಾರು ಸಲ ಬದಲಾಗಿದೆ. ಆಯುಧಪೂಜೆಯಲ್ಲಿ ಮೊದಲ ಕುಂಕುಮ ಅದಕ್ಕೆ. ವಾರದ ರಜೆಗೆ ಬದಲಿ ಹೋಗುವವನು ಬೇರೆ ಸುತ್ತಿಗೆ ಒಯ್ಯುತ್ತಾನೆ, ಇದನ್ನು ಮುಟ್ಟುವುದಿಲ್ಲ. ಸಾಹೇಬರೂ ಇದಕ್ಕೆ ಅಡ್ಡ ಬಂದವರಲ್ಲ. "ನಿಮ್ಮೊಳಗ ನೀವು ಒಂದು ಹೆಸರು ಕೊಡ್ರಿ" ಎನ್ನುತ್ತಾರೆ, ಅಷ್ಟೇ. ಬಲವಂತಕ್ಕೆ ಹಾಕಿದ ಕೀಮ್ಯಾನ್ ನಡೆಯುತ್ತಾನೆ, ನೋಡುವುದಿಲ್ಲ ಎಂಬುದು ಅವರಿಗೂ ಗೊತ್ತು.

ಹನ್ನೊಂದು ವರ್ಷದ ಹಿಂದೆ ಯರ್ರೆಪ್ಪಜ್ಜ ಕೀಮ್ಯಾನ್ ಆಗಿದ್ದ, ನಾನೂ ಗ್ಯಾಂಗಿನಲ್ಲೇ ಕೆಲಸ ಮಾಡುತ್ತಿದ್ದೆ. ಅವನು ರಿಟೈರಾಗುವ ದಿನ ಸುತ್ತಿಗೆ ಹಿಡಿಯಬೇಕಾದ ಸರದಿ ನನ್ನದು. ಹಿಂದಿನ ಸಂಜೆಯೇ ನನಗೆ ಹೊಟ್ಟೆನೋವು ಬಂತು. ಬಂತು ಅಂದರೆ, ತರಿಸಿಕೊಂಡೆ. ಎರಡು ದಿನ ರಜೆ ಹಾಕಿ ಕೂಡ್ಲಿಗಿಯ ಬೀಗರ ಮನೆಗೆ ಹೋದೆ. ಮಾಲೆ ಹಾಕಿಸಿಕೊಂಡು ನಿಂತ ಯರ್ರೆಪ್ಪಜ್ಜ ಸುತ್ತಿಗೆ ಹಿಡಿದು ಅತ್ತಿತ್ತ ನೋಡಿದನಂತೆ. ಮೂವತ್ತೊಂದು ವರ್ಷದ ಹುಲುಗಪ್ಪ ಮುದುಕ ಸುತ್ತಿಗೆ ಚಾಚಿಕೊಂಡು ನಿಂತೇ ಇರುವುದನ್ನು ನೋಡಲಾರದೆ ಮುಂದೆ ಬಂದು ಹಿಡಿದನಂತೆ. ನಾನು ವಾಪಸು ಬಂದು ಅರ್ಜಿ ಹಾಕಿಕೊಂಡು ಈ ಗೇಟಿನ ನೆರಳಿಗೆ ಕೂತೆ. ಇದೇ ನಾನು ಹೇಳಿದ ಎರಡನೆಯ ಹಕ್ಕು. ಗ್ಯಾಂಗಿನಲ್ಲಿ ಆ ದಿನದ ಮಾತು ಬಂದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತೇನೆ.

ಹುಲುಗಪ್ಪನ ಹೆಂಡತಿ ಉಚ್ಚಂಗೆಮ್ಮನಿಗೆ ಹೊಸಪೇಟೆಯಲ್ಲಿ ಹುಡುಗಿಯರ ಹಾಸ್ಟೆಲಿನ ಅಡುಗೆ ಕೆಲಸ. ಸರ್ಕಾರಿ ನೌಕರಿ, ಅಲ್ಲೇ ವಾಸ, ಬಿಟ್ಟು ಬರುವ ಹಾಗಿಲ್ಲ. ಮಗಳು ರಮಾ ತಾಯಿಯ ಜೊತೆ. ಇವನು ಕೊಟ್ಟೂರಿನ ಕ್ವಾರ್ಟರ್ಸಿನಲ್ಲಿ ಒಬ್ಬನೇ ರೊಟ್ಟಿ ಬಡಿದುಕೊಂಡು, ವಾರಕ್ಕೊಂದು ದಿನ ಹೊಸಪೇಟೆಗೆ ಹೋಗಿ ಬರುತ್ತಿದ್ದ. ಶಾಲೆಯಲ್ಲಿ ಟೀಚರು ರಮಾಳನ್ನು ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದರಂತೆ. "ನಡೀತಾರ್ರಿ" ಅಂದಳಂತೆ. ಹುಲುಗಪ್ಪ ಇದನ್ನು ನನಗೆ ನಗುತ್ತಲೇ ಹೇಳಿದ. ಹೇಳಿ ಮುಗಿಸುವಾಗ ನಗುತ್ತಿರಲಿಲ್ಲ.

ಹೋದ ನವೆಂಬರಿನಲ್ಲಿ ಅವನಿಗೆ ಹೊಸಪೇಟೆಗೆ ವರ್ಗದ ಆದೇಶ ಬಂತು. ಗಂಡ ಹೆಂಡತಿ ಒಂದೇ ಊರಿನಲ್ಲಿರಲಿ ಎಂಬ ಕಾರಣಕ್ಕೆ ಕೊಟ್ಟ ಆದೇಶ, ಸಾಮಾನು ಸರಂಜಾಮಿನ ಗೋದಾಮಿನಲ್ಲಿ ಕೆಲಸ. ಆದರೆ ಕೊನೆಯಲ್ಲಿ ಒಂದು ಸಾಲು: ಬದಲಿ ಕೀಮ್ಯಾನ್ ವಹಿಸಿಕೊಂಡ ಮೇಲೆ ಬಿಡುಗಡೆ. ಏಪ್ರಿಲ್ ಮೂವತ್ತರೊಳಗೆ ಬಿಡುಗಡೆ ಆಗದಿದ್ದರೆ ಆದೇಶ ರದ್ದು.

ಗ್ಯಾಂಗಿನಲ್ಲಿ ಇಪ್ಪತ್ತು ಮಂದಿ ಇರಬೇಕಾದಲ್ಲಿ ಹನ್ನೊಂದು ಮಂದಿ ಇದ್ದರು. ಆದೇಶ ಬಂದ ದಿನದಿಂದ ಒಬ್ಬೊಬ್ಬರ ನಡವಳಿಕೆ ನೋಡಬೇಕಿತ್ತು! ಹುಲುಗಪ್ಪ ಸುತ್ತಿಗೆ ಹಿಡಿದು ಹತ್ತಿರ ಬಂದರೆ ಒಬ್ಬನಿಗೆ ಬೀಡಿ ನೆನಪಾಗುತ್ತಿತ್ತು, ಒಬ್ಬನಿಗೆ ಬಹಿರ್ದೆಸೆ. ಎಲ್ಲರೂ ಅವನ ಬುತ್ತಿಯಿಂದ ಉಪ್ಪಿನಕಾಯಿ ಕಿತ್ತುಕೊಂಡು ತಿನ್ನುವವರೇ, ಸುತ್ತಿಗೆ ಕಂಡರೆ ಮಾತ್ರ ಕೈ ಬೆನ್ನ ಹಿಂದೆ. ಮಾರ್ಚಿನಲ್ಲೊಂದು ಸಲ ಬೆವರಿಗೆ ಜಾರಿ ಅದು ಜಲ್ಲಿಯ ಮೇಲೆ ಬಿತ್ತು. ಎಂಟು ಮಂದಿ ಸುತ್ತ ನಿಂತಿದ್ದರು, ಒಬ್ಬನೂ ಬಗ್ಗಲಿಲ್ಲ. ಹುಲುಗಪ್ಪನೇ ಬಗ್ಗಿ ಎತ್ತಿಕೊಂಡ.

ನಾನೂ ಉಪಾಯ ಹೇಳಿದೆ. ಉಪಾಯ ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ.

"ಲೇ ಹುಲುಗ, ನೀ ಯಾಕ ಇಷ್ಟು ಛಂದ ಕೆಲಸ ಮಾಡ್ತಿ? ನಾಕು ಕ್ಲಿಪ್ಪು ಹಂಗ ಬಿಡು. ಸಾಹೇಬ್ರು ಸಿಟ್ಟಾಗಿ ತಾವೇ ತೆಗೀತಾರ."

ಮರುದಿನ ಅವನು ಹಾಗೇ ಮಾಡಿದ. ನಾಲ್ಕಲ್ಲ, ಒಂದೇ ಒಂದು ಕ್ಲಿಪ್ಪು ಡಬ್ ಎಂದರೂ ಬಿಟ್ಟು ಬಂದನಂತೆ. ಸಂಜೆ ಐದಕ್ಕೆ ನೋಡಿದರೆ ಡ್ಯೂಟಿ ಮುಗಿಸಿದ್ದ ಮನುಷ್ಯ ಲುಂಗಿಯಲ್ಲೇ ಸುತ್ತಿಗೆ ಹಿಡಿದು ಹಳಿಗುಂಟ ಬರುತ್ತಿದ್ದಾನೆ. ಮೂರು ಕಿಲೋಮೀಟರು ನಡೆದು ಹೋಗಿ ಆ ಒಂದು ಕ್ಲಿಪ್ಪನ್ನು ಒಳಗೆ ಹೊಡೆದು ಬಂದ.

"ರೊಟ್ಟಿ ಗಂಟಲಾಗ ಇಳೀಲಿಲ್ಲಣ್ಣ," ಎಂದ. "ಅದೊಂದೇ ಕಣ್ಣಿಗೆ ಕಟ್ಟಿದಂಗಾತು."

ಫೆಬ್ರವರಿಯಲ್ಲಿ ಗ್ಯಾಂಗಿಗೆ ಹೊಸಬಳು ಬಂದಳು. ತಂಬ್ರಹಳ್ಳಿಯ ಭೂಮಿಕಾ, ಕುರಿ ಸಾಕುವ ಮನೆಯ ಹುಡುಗಿ, ಇಪ್ಪತ್ನಾಲ್ಕು ವರ್ಷ, ಬಿ.ಎಸ್ಸಿ. ಓದಿದ್ದಾಳೆ. ಕಿತ್ತಳೆ ಬಣ್ಣದ ಜಾಕೆಟ್ಟಿನ ಒಳಗೆ ಯಾವಾಗಲೂ ಪರೀಕ್ಷೆಯ ಪುಸ್ತಕ. ಸ್ಟೇಷನ್ ಮಾಸ್ಟರ್ ಹುದ್ದೆಯ ಪರೀಕ್ಷೆ ಜೂನಿನಲ್ಲಿದೆ ಎಂದು ಬಂದ ದಿನವೇ ಎಲ್ಲರಿಗೂ ಹೇಳಿದ್ದಳು. ಸಾಹೇಬರು ಅವಳನ್ನು ಕೆಲಸ ಕಲಿಯಲು ಹುಲುಗಪ್ಪನ ಹಿಂದೆ ಹಾಕಿದರು. ಹದಿನೈದು ದಿನದಲ್ಲಿ ಅವಳ ಕಿವಿ ತಯಾರಾಯಿತು. ಅವನು ಕ್ಲಿಪ್ಪಿಗೆ ಪೆಟ್ಟು ಹಾಕುತ್ತಿದ್ದ, ಅವಳು ಹಿಂದಿನಿಂದ "ಇದು ಬಿಗಿ, ಇದು ಸಡಿಲ" ಎನ್ನುತ್ತಿದ್ದಳು. ಹಳಿಯ ಬೆಸುಗೆಯ ಮೇಲೆ ಬಗ್ಗಿ ಬೆರಳಾಡಿಸಿ ಬಿರುಕು ಹುಡುಕುವುದನ್ನೂ ಕಲಿತಳು. ನನ್ನ ತಲೆಯಲ್ಲಿ ಹುಳು ಹೊಕ್ಕಿತು.

"ಆ ಹುಡುಗಿಗೆ ಪದ್ಧತಿ ಗೊತ್ತಿಲ್ಲ," ಎಂದೆ ಹುಲುಗಪ್ಪನಿಗೆ, ಅವಳು ಕೋಣೆಯ ಹಿಂದೆ ಮುಖ ತೊಳೆಯುತ್ತಿದ್ದಾಗ. "ಬೂಟಿನ ದಾರ ಕಟ್ಟಿಕೋತೀನಿ, ಸ್ವಲ್ಪ ಹಿಡಿ ಅಂತ ಕೈಯಾಗ ಇಡು. ನಾನು ಸಾಕ್ಷಿ ಅದೀನಿ. ಆತು, ನೀ ಹೊಸಪ್ಯಾಟಿಗೆ ಹೋಗು."

ಅವನು ನೀರು ಕುಡಿದು ಚೊಂಬು ಕೊಟ್ಟ. ಬೇಡ ಎನ್ನಲಿಲ್ಲ. ಅದನ್ನು ನಾನು ಗಮನಿಸಿದ್ದೆ.

ಏಪ್ರಿಲ್ ಇಪ್ಪತ್ತೊಂಬತ್ತು. ಹಳಿ ಮುಟ್ಟಿದರೆ ಬೊಬ್ಬೆ ಏಳುವ ಬಿಸಿಲು. ಉಚ್ಚಂಗೆಮ್ಮ ಎರಡು ದಿನದ ಹಿಂದೆಯೇ ಹಾಸ್ಟೆಲಿನ ಹತ್ತಿರ ಬಾಡಿಗೆ ಮನೆ ನೋಡಿ ಇಟ್ಟಿದ್ದಳು. ಬೆಳಿಗ್ಗೆ ಎಂಟಕ್ಕೆ ಹೋಗುವಾಗ ಹುಲುಗಪ್ಪ ನನ್ನ ಮುಖ ನೋಡಲಿಲ್ಲ. ಹನ್ನೆರಡಕ್ಕೆ ಇಬ್ಬರೂ ವಾಪಸು ಬಂದರು. ಗಾಡಿ ಬರುವುದಿತ್ತು, ಗೇಟು ಹಾಕಿದೆ. ಗಾಡಿ ಹೋಯಿತು. ಗೇಟು ತೆಗೆದು, ಬೈಕಿನವರನ್ನು ಕಳಿಸಿ, ಚೊಂಬಿನಲ್ಲಿ ನೀರು ತಂದೆ. ಹುಲುಗಪ್ಪ ಎಂದಿನಂತೆ ಸುತ್ತಿಗೆಯನ್ನು ಗೇಟಿನ ಕಂಬಕ್ಕೆ ಒರಗಿಸಲು ಹೋದ.

"ಇಲ್ಲಿ ಕೊಡಣ್ಣ," ಎಂದಳು ಭೂಮಿಕಾ. ಎರಡೂ ಕೈ ಚಾಚಿ ನಿಂತಿದ್ದಳು.

ಇದು ನಾನು ಹೇಳಿಕೊಟ್ಟದ್ದಲ್ಲ, ಅವನು ಕೇಳಿದ್ದೂ ಅಲ್ಲ.

"ಯಾಕವ್ವ?" ಎಂದ ಹುಲುಗಪ್ಪ.

"ಎರಡು ತಿಂಗಳಿಂದ ನೋಡಾಕ ಹತ್ತೀನಿ. ನಿಮ್ಮ ಕೈಯಾಗಿನ ಸುತ್ತಿಗಿ ಒಬ್ರೂ ಮುಟ್ಟಂಗಿಲ್ಲ. ಅವತ್ತು ಕೆಳಗ ಬಿದ್ದಾಗ ಎಂಟು ಮಂದಿ ಕೈ ಕಟ್ಟಿ ನಿಂತ್ರು. ನಮ್ಮೂರಾಗೂ ಹಿಂಗ ಮಾಡೋರು ಅದಾರ, ನನಗ ಗೊತ್ತಾಗಂಗಿಲ್ಲ ಅನ್ಕೊಂಡಾರೇನು? ಬುತ್ತಿ ಹಂಚಿಕೊಂಡು ತಿಂತಾರ, ಅದೆಲ್ಲ ತೋರಿಕಿ. ಈ ಪಾಲಾಕ್ಷಪ್ಪಜ್ಜನೂ ಅಷ್ಟೇ. ಚೊಂಬು ಕೊಡ್ತಾನ, ಸುತ್ತಿಗಿ ಮುಟ್ಟಂಗಿಲ್ಲ. ನಾನು ಮುಟ್ತೀನಿ. ಎರಡೂ ಕೈಲೆ ಹಿಡಿತೀನಿ. ಯಾರು ಏನಂತಾರ ನೋಡೋಣ."

ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟಿನ ನೀರು. ಅವಳು ಹೇಳಿದ ಹೊಲಸು ನಮ್ಮ ಊರುಗಳಲ್ಲಿ ಇಲ್ಲ ಎನ್ನಲು ನನಗೆ ಬಾಯಿಲ್ಲ. ಇದೆ. ಅದಕ್ಕೇ ಅವಳಿಗೆ ಇದೂ ಅದೇ ಎನ್ನಿಸಿತು. ನಮ್ಮ ಹೇಡಿತನ ಅವಳ ಕಣ್ಣಿಗೆ ಜಾತಿಯಾಗಿ ಕಂಡಿತ್ತು.

ಅಷ್ಟರಲ್ಲಿ ಅವಳ ಎರಡೂ ಅಂಗೈ ಕಾವಿನ ಮೇಲಿದ್ದವು. ಹುಲುಗಪ್ಪನ ಕೈಯೂ ಅಲ್ಲೇ ಇತ್ತು. ಅವಳ ಬೆನ್ನ ಹಿಂದಿನಿಂದ ನಾನು ಬಿಡು, ಬಿಡು ಎಂದು ತಲೆಯಾಡಿಸಿದೆ. ಹೌದು, ಆ ಮಾತು ಕೇಳಿದ ಮೇಲೂ ಆಡಿಸಿದೆ. ಅವನು ಬೆರಳು ಸಡಿಲಿಸಿದರೆ ಸಾಕಿತ್ತು. ಬಾಡಿಗೆ ಮನೆ, ಉಚ್ಚಂಗೆಮ್ಮ, ರಮಾ, ಎಲ್ಲ ಒಂದು ಗೇಣು ಆಚೆಗಿದ್ದವು. ಅವನ ಬೆರಳು ಸಡಿಲಾದದ್ದನ್ನು ನಾನು ಕಂಡೆ. ಮತ್ತೆ ಬಿಗಿಯಾದದ್ದನ್ನೂ ಕಂಡೆ.

"ಬ್ಯಾಡವ್ವ," ಎಂದ. "ಅದು ಹೆಂಗಿರ್ತೈತಿ ಅಂತ ನನಗ ಗೊತ್ತೈತಿ. ನಮ್ಮಪ್ಪಗ ಹೋಟ್ಲಾಗ ಬ್ಯಾರೆ ಕಪ್ಪು ಇಟ್ಟಿದ್ರು, ತಾನೇ ತೊಳೆದು ಇಡಬೇಕಿತ್ತು. ಇದು ಅದಲ್ಲ. ಇವ್ರು ನನಗ ಅಂಜಂಗಿಲ್ಲ, ಈ ಆರು ಕಿಲೋಮೀಟರಿಗೆ ಅಂಜ್ತಾರ."

ನಿಂತಲ್ಲೇ ಪದ್ಧತಿಯನ್ನು ಪೂರ್ತಿ ಹೇಳಿದ. ಹಿಡಿದರೆ ಏನಾಗುತ್ತದೆ, ಯಾರು ಸಾಕ್ಷಿ, ನಾಳೆ ಯಾವ ತಾರೀಖು, ಒಂದನ್ನೂ ಮುಚ್ಚಿಡಲಿಲ್ಲ.

ಭೂಮಿಕಾ ಕೇಳುತ್ತ ಕೇಳುತ್ತ ಕೈ ಹಿಂದಕ್ಕೆ ತೆಗೆದುಕೊಂಡಳು. ಅಂಗೈಗಳನ್ನು ಜಾಕೆಟ್ಟಿಗೆ ಒರೆಸಿಕೊಂಡಳು.

"ಜೂನ್‌ದಾಗ ಪರೀಕ್ಷೆ ಐತಣ್ಣ," ಎಂದಳು, ಕೇಳಿಸದಷ್ಟು ಮೆಲ್ಲಗೆ.

"ಗೊತ್ತೈತವ್ವ. ಅದಕ್ಕ ಬ್ಯಾಡ ಅಂದೆ. ಓದು ಹೋಗು."

ಅವಳು ಬಾವುಟದ ಚೀಲ ತೆಗೆದುಕೊಂಡು ತಲೆ ತಗ್ಗಿಸಿ ಮುಂದೆ ನಡೆದಳು. ಅವಳನ್ನು ಯಾರೂ ಬೈಯಬಾರದು. ಆದರೆ ನನಗೆ ಮೈಯೆಲ್ಲ ಉರಿಯಿತು.

"ಹುಚ್ಚ ಅದೀಯೇನಲೇ! ತಾನಾಗಿ ಬಂದ ಲಕ್ಷ್ಮೀನ ಕಾಲಿಲೆ ಒದ್ದಿ. ಇನ್ನ ಯಾವ ಮೂಢ ಬಂದು ಹಿಡಿತಾನ ನಿನ್ನ ಸುತ್ತಿಗಿ?"

ಅವನು ನೀರು ಕುಡಿದ. ಚೊಂಬನ್ನು ನನ್ನ ಕೈಗಿಟ್ಟ.

"ಪಾಲಾಕ್ಷಣ್ಣ, ಹೊಟ್ಟಿನೋವು ಹೆಂಗೈತಿ ಈಗ?"

"ಯಾವ ಹೊಟ್ಟಿನೋವು?"

"ಯರ್ರೆಪ್ಪಜ್ಜ ರಿಟೈರಾದ ದಿನ ಬಂದಿತ್ತಲ್ಲ, ಅದು. ಅವತ್ತು ನಮ್ಮ ಚಿಕ್ಕವ್ವ ಜಂಬಕ್ಕ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ್ಯಾಗ ನಿನ್ನ ನೋಡಿದ್ಲು. ಮಿರ್ಚಿ ತಿನ್ನಾಕ ಹತ್ತಿದ್ಯಂತ."

ಹನ್ನೊಂದು ವರ್ಷ. ಮೊದಲ ದಿನವೇ ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ದಿನಕ್ಕೆರಡು ಸಲ ನನ್ನ ಕೈಯ ನೀರು ಕುಡಿದಿದ್ದ. ಅವನು ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವನು ಬೈಯಲಿಲ್ಲ. ಸುತ್ತಿಗೆಯನ್ನು ನನ್ನ ಕಡೆ ಚಾಚಿದ.

"ನಿನ್ನ ಸರ್ವಿಸು ಇನ್ನ ಹದಿನೈದು ತಿಂಗಳು ಐತಿ," ಎಂದ. "ಹಿಡಿತೀಯೇನಣ್ಣ?"

ಅವನು ಚುಚ್ಚಲು ಕೇಳಿದ್ದಲ್ಲ. ನಿಜವಾಗಿಯೂ ಕೇಳಿದ. ಅಷ್ಟು ವರ್ಷದಲ್ಲಿ ಅವನು ಯಾರನ್ನಾದರೂ ಬಾಯಿಬಿಟ್ಟು ಕೇಳಿದ್ದು ಅದೊಂದೇ ಸಲ. ನನ್ನ ಮೊಣಕಾಲು ಚೆನ್ನಾಗಿಯೇ ಇವೆ, ದೇವರಾಣೆ. ಕಿವಿಯೂ ಕೇಳುತ್ತದೆ. ಗೇಟಿಗೆ ಬೇರೆ ಯಾರನ್ನಾದರೂ ಹಾಕಬಹುದಿತ್ತು. ನನ್ನ ಕೈಯಲ್ಲಿ ಚೊಂಬಿತ್ತು, ಅದನ್ನು ಕೆಳಗಿಡಲು ಎಷ್ಟು ಹೊತ್ತು ಬೇಕು? ನಾನು ಇಡಲಿಲ್ಲ. ಎರಡೂ ಕೈಯಿಂದ ಚೊಂಬನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಅವನು ಸುತ್ತಿಗೆಯನ್ನು ಹೆಗಲಿಗೇರಿಸಿ, ಉಳಿದ ಹಳಿ ನೋಡುತ್ತ ಹೋದ. ಠಣ್, ಠಣ್ ಎಂಬ ಸದ್ದು ತುಂಬ ದೂರದ ತನಕ ಕೇಳಿಸಿತು.

ಮೂವತ್ತನೆಯ ತಾರೀಖಿಗೆ ಆದೇಶ ರದ್ದಾಯಿತು. ಆ ದಿನ ಸಂಜೆ ನನ್ನ ಮೊಬೈಲಿಗೆ ಉಚ್ಚಂಗೆಮ್ಮ ಫೋನು ಮಾಡಿದಳು. ಬಾಡಿಗೆ ಮನೆಯವರಿಗೆ ಏನು ಹೇಳಲಿ ಎಂದು ಕೇಳಲು ಗಂಡನಿಗೆ ಮಾಡಿದ್ದಳಂತೆ, ಅವನು ಎತ್ತಿರಲಿಲ್ಲ.

"ಸುತ್ತಿಗಿ ಕೊಡಲಿಲ್ಲೇನ್ರಿ ಅವ್ರು?"

"ಇಲ್ಲವ್ವ."

"ಇಡೀ ಗ್ಯಾಂಗಿನ್ಯಾಗ ಹಿಡಿಯೋರು ಒಬ್ರೂ ಇದ್ದಿಲ್ಲೇನ್ರಿ ಅಣ್ಣಾರ?"

ಅವಳು ನನ್ನನ್ನು ಅಣ್ಣ ಎಂದಿದ್ದಳು. ಬೇವಿನ ಮರದ ನೆರಳು ಹಳಿಯ ತನಕ ಚಾಚಿತ್ತು. ನಾನು ಕುರ್ಚಿಯಲ್ಲಿ ಕೂತಿದ್ದೆ.

"ಯಾರೂ ಇದ್ದಿಲ್ಲವ್ವ," ಎಂದೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಹುಲುಗಪ್ಪ ಬಂದ. ಸುತ್ತಿಗೆಯನ್ನು ತಾನೇ ಕಂಬಕ್ಕೆ ಒರಗಿಸಿ, ನೀರು ಕೊಡಣ್ಣ ಎಂದ. ಕೊಟ್ಟೆ.